ಫೂಟೇಜ್ ಜೋಡಿಸಿಡುವುದು ಹೇಗೆ? ವಿಡಿಯೋ ಎಡಿಟಿಂಗ್‌ಗೆ ಕೂರುವ ಮುಂಚಿನ ಕೆಲಸ

ಮದುವೆ ಕಳೆದು ಮೂರು ತಿಂಗಳಾದರೂ ವಿಡಿಯೋ ಕೈಗೆ ಬಂದಿಲ್ಲ ಎಂಬ ದೂರು ಕರಾವಳಿಯಲ್ಲಿ ಹೊಸತಲ್ಲ. "ಎಡಿಟಿಂಗ್ ಆಗ್ತಾ ಉಂಟು ಕಾಕ, ಇನ್ನೊಂದು ವಾರ" ಎಂಬ ಉತ್ತರವೂ ಹೊಸತಲ್ಲ. ಆ ಒಂದು ವಾರ ಯಾಕೆ ಮುಗಿಯುವುದಿಲ್ಲ ಎಂದು ನೋಡಿದರೆ, ಹೆಚ್ಚಿನ ಕಡೆ ಸಮಯ ಹೋಗುವುದು ಕತ್ತರಿಸಿ ಜೋಡಿಸುವುದರಲ್ಲಿ ಅಲ್ಲ, ಹುಡುಕುವುದರಲ್ಲಿ. ನಿಕಾಹ್‌ನ ಎರಡನೇ ಕ್ಯಾಮರಾದ ಕ್ಲಿಪ್ ಎಲ್ಲಿ? ಡ್ರೋನ್ ಶಾಟ್ ಯಾವ ಪೆನ್‌ಡ್ರೈವ್‌ನಲ್ಲಿ ಇತ್ತು? ಮದುಮಗನ ಅಣ್ಣ ಮೊಬೈಲ್‌ನಲ್ಲಿ ತೆಗೆದದ್ದು ವಾಟ್ಸಪ್‌ನಲ್ಲಿ ಬಂದಿತ್ತಲ್ಲ, ಅದು ಎಲ್ಲಿ ಹೋಯಿತು?

ಲೆಕ್ಕ ಸರಳ. ಇವತ್ತಿನ ಸಾಮಾನ್ಯ ಕ್ಯಾಮರಾ 4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮರಾ ತಲಾ ನಾಲ್ಕು ಗಂಟೆ ಓಡಿದರೆ 360 ಜಿಬಿ. ಡ್ರೋನ್, ಮೊಬೈಲ್, ಪ್ರತ್ಯೇಕ ಆಡಿಯೋ ರೆಕಾರ್ಡರ್ ಸೇರಿದರೆ ಕ್ಲಿಪ್‌ಗಳ ಸಂಖ್ಯೆ ಸಾವಿರದ ಹತ್ತಿರ ಹೋಗುವುದೂ ಉಂಟು. ಇಷ್ಟನ್ನು 'ನ್ಯೂ ಫೋಲ್ಡರ್', 'ನ್ಯೂ ಫೋಲ್ಡರ್ 2', 'ಫೈನಲ್', 'ಫೈನಲ್ ಲಾಸ್ಟ್' ಎಂಬ ಹೆಸರುಗಳಲ್ಲಿ ತುಂಬಿಸಿಟ್ಟರೆ ಯಾವ ಕಂಪ್ಯೂಟರ್ ಇದ್ದರೂ ಪ್ರಯೋಜನ ಇಲ್ಲ.

ಬಿನ್ ಎಂಬ ಹೆಸರು ಬಂದದ್ದು

ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಫೋಲ್ಡರ್‌ಗೆ 'ಬಿನ್' ಎನ್ನುತ್ತಾರೆ. ಇದು ಕಸದ ಬುಟ್ಟಿ ಅಲ್ಲ. ಫಿಲ್ಮ್ ರೀಲ್‌ನ ಕಾಲದಲ್ಲಿ ಕತ್ತರಿಸಿದ ತುಂಡುಗಳನ್ನು ಸಾಲಾಗಿ ಕೊಕ್ಕೆಗಳಿಗೆ ತೂಗುಹಾಕುತ್ತಿದ್ದರು. ಕೆಳಗೆ ಗೀರು ಬೀಳದಂತೆ ಬಟ್ಟೆ ಹಾಸಿದ ದೊಡ್ಡ ತೊಟ್ಟಿ ಇರುತ್ತಿತ್ತು. ಅದೇ ಬಿನ್. ಫೂಟೇಜ್ ಎಂಬ ಮಾತೂ ಹಾಗೆಯೇ, ಫಿಲ್ಮನ್ನು ಅಡಿಗಳಲ್ಲಿ ಅಳೆಯುತ್ತಿದ್ದುದರಿಂದ ಬಂದದ್ದು. 35 ಎಂಎಂ ಫಿಲ್ಮ್‌ನ ಸಾವಿರ ಅಡಿಯ ರೀಲ್ ಸುಮಾರು 11 ನಿಮಿಷ ಓಡುತ್ತದೆ.

1979ರಲ್ಲಿ ತೆರೆಕಂಡ ಹಾಲಿವುಡ್‌ನ 'ಅಪೊಕಲಿಪ್ಸ್ ನೌ' ಚಿತ್ರಕ್ಕೆ ಹನ್ನೆರಡೂವರೆ ಲಕ್ಷ ಅಡಿ ಫಿಲ್ಮ್ ಚಿತ್ರೀಕರಣವಾಗಿತ್ತು, ಅಂದರೆ 230 ಗಂಟೆಗೂ ಮೇಲೆ. ಪ್ರೇಕ್ಷಕರು ನೋಡಿದ್ದು ಎರಡೂವರೆ ಗಂಟೆ. ಅದರ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಮುಂದಿನ ವರ್ಷಗಳಲ್ಲಿ ಪ್ರತಿ ದೃಶ್ಯದ ಶಾಟ್‌ಗಳಿಂದ ಒಂದೊಂದು ಸ್ಥಿರಚಿತ್ರ ತೆಗೆದು ಗೋಡೆಯ ಬೋರ್ಡ್‌ಗೆ ಅಂಟಿಸಿಕೊಂಡು ಕೆಲಸ ಮಾಡುವುದಕ್ಕೆ ಹೆಸರಾದರು. ಎಲ್ಲ ಶಾಟ್‌ಗಳೂ ಕಣ್ಣೆದುರು ಇರಬೇಕು ಎಂಬುದು ಅದರ ಹಿಂದಿನ ಲೆಕ್ಕ. ಇವತ್ತಿನ ಸಾಫ್ಟ್‌ವೇರ್‌ನಲ್ಲಿ ಕಾಣುವ ಥಂಬ್‌ನೇಲ್ ಸಾಲು ಮಾಡುವುದೂ ಅದನ್ನೇ.

ಕಾರ್ಡ್‌ನಿಂದ ಡಿಸ್ಕಿಗೆ

ಜೋಡಣೆ ಶುರುವಾಗುವುದು ಸಾಫ್ಟ್‌ವೇರ್ ತೆರೆದ ಮೇಲೆ ಅಲ್ಲ, ಮೆಮೊರಿ ಕಾರ್ಡ್ ಕಂಪ್ಯೂಟರ್‌ಗೆ ಹಾಕುವಾಗ. ಇಲ್ಲಿ ಆಗುವ ತಪ್ಪನ್ನು ಮುಂದೆ ಸರಿಮಾಡುವುದು ಕಷ್ಟ.

ಮೊದಲಿಗೆ ಆ ಕಾರ್ಯಕ್ರಮಕ್ಕೆ ಒಂದೇ ಒಂದು ಮುಖ್ಯ ಫೋಲ್ಡರ್. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರಲಿ: 20250112 ಎಂಬಂತೆ. ದಿನವನ್ನು ಮೊದಲು ಬರೆದರೆ ಜನವರಿಯದ್ದೂ ಡಿಸೆಂಬರ್‌ನದ್ದೂ ಒಂದರ ಪಕ್ಕ ಒಂದು ಬಂದು ಕೂರುತ್ತವೆ. ವರ್ಷ ಮೊದಲು ಬಂದರೆ ಎಲ್ಲವೂ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ತಾರೀಕಿನ ನಂತರ ಊರು, ಕಾರ್ಯಕ್ರಮ. ಫೋಲ್ಡರ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಓರೆಗೆರೆ, ಪ್ರಶ್ನಾರ್ಥಕ ಮುಂತಾದ ಚಿಹ್ನೆ ಇಲ್ಲದೆ ಬರೆಯುವುದು ಕ್ಷೇಮ. ಕನ್ನಡ ಅಕ್ಷರ ಕಂಡರೆ ಕೆಲವು ಪ್ಲಗ್‌ಇನ್‌ಗಳು ಈಗಲೂ ತಕರಾರು ಮಾಡುತ್ತವೆ.

ಒಳಗೆ ಫೂಟೇಜ್, ಆಡಿಯೋ, ಫೋಟೋ-ಗ್ರಾಫಿಕ್ಸ್, ಪ್ರಾಜೆಕ್ಟ್, ಎಕ್ಸ್‌ಪೋರ್ಟ್ ಎಂದು ಐದು ಫೋಲ್ಡರ್ ಇದ್ದರೆ ಧಾರಾಳ ಸಾಕು. ಫೂಟೇಜ್ ಒಳಗೆ ಪ್ರತಿ ಕ್ಯಾಮರಾಕ್ಕೆ ಒಂದು, ಅದರೊಳಗೆ ಪ್ರತಿ ಕಾರ್ಡ್‌ಗೆ ಒಂದು. ಕಾರ್ಡ್‌ಗೊಂದು ಫೋಲ್ಡರ್ ಯಾಕೆ ಎಂದು ಹೊಸಬರು ಕೇಳುತ್ತಾರೆ. ಸೋನಿ ಕ್ಯಾಮರಾ ಕಾರ್ಡ್ ಫಾರ್ಮ್ಯಾಟ್ ಆದಾಗ ಮತ್ತೆ ಸಿ0001 ಎಂದೇ ಹೆಸರು ಶುರುಮಾಡುವುದುಂಟು. ಎರಡು ಕಾರ್ಡ್‌ಗಳ ಕ್ಲಿಪ್ ಒಂದೇ ಕಡೆ ಸುರಿದರೆ ಒಂದೋ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ, ಇಲ್ಲದಿದ್ದರೆ ಹೆಸರಿನ ಹಿಂದೆ ಎರಡು, ಮೂರು ಎಂದು ಸೇರಿಕೊಂಡು ಗೊಂದಲ.

ಕಾರ್ಡ್‌ನಲ್ಲಿ ಇರುವುದನ್ನು ಇದ್ದ ಹಾಗೆಯೇ ಪೂರ್ತಿ ಕಾಪಿ ಮಾಡಬೇಕು. "ಎಂಪಿ4 ಮಾತ್ರ ಸಾಕು, ಉಳಿದದ್ದು ಎಂತಕ್ಕೆ" ಎಂದು ಆರಿಸಿ ತೆಗೆಯುವ ಅಭ್ಯಾಸ ಒಳ್ಳೆಯದಲ್ಲ. ಸೋನಿಯ 'ಎಂ4ರೂಟ್' ಫೋಲ್ಡರ್‌ನಲ್ಲಿ ಪ್ರತಿ ಕ್ಲಿಪ್‌ನ ಜೊತೆ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್ ಇರುತ್ತದೆ, ಅದರಲ್ಲಿ ಚಿತ್ರೀಕರಣದ ಮಾಹಿತಿ ಇದೆ. ಹಳೆಯ ಎವಿಸಿಎಚ್‌ಡಿ ಕ್ಯಾಮರಾಗಳಲ್ಲಿ ಉದ್ದದ ರೆಕಾರ್ಡಿಂಗ್ ತುಂಡುತುಂಡಾಗಿ ಉಳಿದಿರುತ್ತದೆ. ತುಂಡುಗಳನ್ನು ಮಾತ್ರ ಎತ್ತಿಕೊಂಡರೆ ಕೂಡುವ ಜಾಗದಲ್ಲಿ ಧ್ವನಿ ತುಸು ಕಡಿದು ಹೋಗುವುದುಂಟು. ಪೂರ್ತಿ ಫೋಲ್ಡರ್ ಇದ್ದರೆ ಸಾಫ್ಟ್‌ವೇರ್ ಅವನ್ನು ಒಂದೇ ಕ್ಲಿಪ್ ಎಂದು ಗುರುತಿಸುತ್ತದೆ.

ಗೋಪ್ರೋ ಬಳಸುವವರಿಗೆ ಇನ್ನೊಂದು ತಲೆನೋವು. ಅದು ಉದ್ದದ ರೆಕಾರ್ಡಿಂಗನ್ನು ಅಧ್ಯಾಯಗಳಾಗಿ ಒಡೆಯುತ್ತದೆ, ಹೆಸರಿನಲ್ಲಿ ಅಧ್ಯಾಯದ ಸಂಖ್ಯೆ ಮೊದಲು, ರೆಕಾರ್ಡಿಂಗ್‌ನ ಸಂಖ್ಯೆ ನಂತರ. ಜಿಎಕ್ಸ್010034ರ ಮುಂದಿನ ಭಾಗ ಜಿಎಕ್ಸ್020034. ಆದರೆ ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಮಧ್ಯದಲ್ಲಿ ಜಿಎಕ್ಸ್010035 ಬಂದು ಕೂರುತ್ತದೆ. ದಫ್ ಕಾರ್ಯಕ್ರಮದ ಅರ್ಧ ಮುಗಿದ ಕೂಡಲೇ ಊಟದ ಹಾಲ್ ಕಾಣಿಸಿದರೆ ಕ್ಯಾಮರಾ ಕೆಟ್ಟದ್ದಲ್ಲ, ಜೋಡಣೆ ತಪ್ಪಿದ್ದು. ಕೊನೆಯ ನಾಲ್ಕು ಅಂಕಿ ನೋಡಿ ಕ್ರಮ ಹಿಡಿಯಬೇಕು.

ವಿಂಡೋಸ್‌ನಲ್ಲಿ ಕಾಣುವ 'ಕ್ರಿಯೇಟೆಡ್' ದಿನಾಂಕವನ್ನು ನಂಬಬಾರದು. ಕಾಪಿ ಮಾಡಿದ ಹೊತ್ತು ಅದರಲ್ಲಿ ಬಂದುಬಿಡುತ್ತದೆ. 'ಮಾಡಿಫೈಡ್' ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಇದೆಲ್ಲ ರಗಳೆಗಿಂತ ಎಲ್ಲ ಕ್ಯಾಮರಾಗಳ ಗಡಿಯಾರವನ್ನು ಬೆಳಿಗ್ಗೆ ಒಂದೇ ಸಮಯಕ್ಕೆ ಹೊಂದಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಎರಡು ನಿಮಿಷದ ಕೆಲಸ, ಆದರೆ ಮಾಡುವವರು ಕಡಿಮೆ.

ಕಾಪಿ ಆದದ್ದು ಸರಿಯಾಗಿ ಆಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು 'ಚೆಕ್‌ಸಮ್' ಎಂಬ ವಿಧಾನ ಉಂಟು. ಮೂಲ ಫೈಲ್‌ನ ಎಲ್ಲ ಬಿಟ್‌ಗಳನ್ನೂ ಲೆಕ್ಕ ಹಾಕಿ ಬರುವ ಒಂದು ಸಂಖ್ಯೆ, ಕಾಪಿಯಿಂದ ಬರುವ ಸಂಖ್ಯೆ ಎರಡೂ ಒಂದೇ ಆಗಿದ್ದರೆ ಕಾಪಿ ಸರಿ. ಡಾವಿಂಚಿ ರಿಸಾಲ್ವ್‌ನ ಮೀಡಿಯಾ ಪುಟದಲ್ಲಿರುವ 'ಕ್ಲೋನ್ ಟೂಲ್' ಇದನ್ನು ಮಾಡುತ್ತದೆ. ವಿಂಡೋಸ್‌ನಲ್ಲಿ ಟೆರಾಕಾಪಿಯ 'ವೆರಿಫೈ' ಕೂಡ ಮಾಡುತ್ತದೆ. ಎರಡು ಕಡೆ ಕಾಪಿ ಆಗುವ ತನಕ ಕಾರ್ಡ್‌ನ ಬದಿಯ ಸಣ್ಣ ಲಾಕ್ ಗುಂಡಿ ಕೆಳಗೆ ಇರಲಿ. ಆಮೇಲೆ ಫಾರ್ಮ್ಯಾಟ್ ಮಾಡುವುದು ಕ್ಯಾಮರಾದಲ್ಲಿಯೇ, ಕಂಪ್ಯೂಟರ್‌ನಲ್ಲಿ ಅಲ್ಲ. ತಪ್ಪಿ ಅಳಿಸಿಹೋದರೆ ಆ ಕಾರ್ಡ್‌ಗೆ ಮತ್ತೆ ಏನನ್ನೂ ರೆಕಾರ್ಡ್ ಮಾಡದೆ ತೆಗೆದಿಡಬೇಕು. ಮೇಲೆ ಹೊಸದು ಬರೆಯದಿದ್ದರೆ ಉಚಿತವಾಗಿ ಸಿಗುವ ಫೋಟೋರೆಕ್‌ನಂಥ ಸಾಫ್ಟ್‌ವೇರ್ ಹಲವು ಸಲ ಮರಳಿ ತೆಗೆದುಕೊಡುತ್ತದೆ.

ಮೊಬೈಲ್ ಕ್ಲಿಪ್‌ಗಳ ಬಗ್ಗೆ ಎರಡು ಮಾತು. ವಾಟ್ಸಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ, ಮೂಲ ಹೆಸರು ಕಳಕೊಂಡು ಬರುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದ ಹಾಗೆ ಬರುತ್ತದೆ. ಹೆಚ್ಚಿನ ಮೊಬೈಲ್‌ಗಳು ಫ್ರೇಮ್ ವೇಗವನ್ನು ಹೆಚ್ಚುಕಡಿಮೆ ಮಾಡುತ್ತಾ ದಾಖಲಿಸುವುದರಿಂದ ಉದ್ದದ ಕ್ಲಿಪ್‌ನಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪಬಹುದು. ಹ್ಯಾಂಡ್‌ಬ್ರೇಕ್‌ನಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಬದಲಿಸಿಕೊಂಡು ನಂತರ ಎಡಿಟಿಂಗ್‌ಗೆ ತರುವುದು ಉತ್ತಮ.

ಸಾಫ್ಟ್‌ವೇರ್ ಒಳಗೆ

ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರ್‌ಗೆ ಕ್ಲಿಪ್ 'ಇಂಪೋರ್ಟ್' ಮಾಡಿದಾಗ ವಿಡಿಯೋ ಅದರೊಳಗೆ ಹೋಗುವುದಿಲ್ಲ. "ಈ ಫೈಲ್ ಈ ಡಿಸ್ಕ್‌ನ ಈ ಫೋಲ್ಡರ್‌ನಲ್ಲಿ ಉಂಟು" ಎಂಬ ವಿಳಾಸ ಮಾತ್ರ ಪ್ರಾಜೆಕ್ಟ್‌ನಲ್ಲಿ ಉಳಿಯುತ್ತದೆ. ಬಿನ್‌ನಿಂದ ಕ್ಲಿಪ್ ತೆಗೆದರೆ ಡಿಸ್ಕ್‌ನಿಂದ ಅದು ಅಳಿಯುವುದಿಲ್ಲ. ಹಾಗೆಯೇ ಪ್ರಾಜೆಕ್ಟ್ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಗೆಳೆಯನ ಕಂಪ್ಯೂಟರ್‌ನಲ್ಲಿ ಏನೂ ತೆರೆಯುವುದಿಲ್ಲ. ಆ್ಯಪಲ್‌ನ ಫೈನಲ್ ಕಟ್ ಪ್ರೊ ಮಾತ್ರ ಬೇಕಿದ್ದರೆ ವಿಡಿಯೋವನ್ನು ತನ್ನ ಲೈಬ್ರರಿಯೊಳಗೇ ಕಾಪಿ ಮಾಡಿಕೊಳ್ಳುತ್ತದೆ, ಬೇಡವೆಂದರೆ ಇದ್ದಲ್ಲೇ ಬಿಡುತ್ತದೆ. ಆಯ್ಕೆ ಇಂಪೋರ್ಟ್ ಕಿಟಕಿಯಲ್ಲೇ ಇದೆ, ಹೆಚ್ಚಿನವರು ನೋಡದೆ ಒತ್ತುತ್ತಾರೆ.

ಡಿಸ್ಕ್‌ನಲ್ಲಿ ಫೋಲ್ಡರ್ ಮಾಡಿದ್ದು ಕ್ಯಾಮರಾ ಪ್ರಕಾರ. ಸಾಫ್ಟ್‌ವೇರ್‌ನಲ್ಲಿ ಬಿನ್ ಮಾಡಬೇಕಾದದ್ದು ವಿಷಯದ ಪ್ರಕಾರ. ಮದರಂಗಿ, ಮದುಮಗನ ಹೊರಡುವಿಕೆ, ನಿಕಾಹ್, ದಫ್, ಊಟ, ಕುಟುಂಬದ ಗುಂಪುಗಳು, ಕಳಿಸಿಕೊಡುವುದು ಎಂದು. ಎಡಿಟ್ ಮಾಡುವವನಿಗೆ ಬೇಕಾದದ್ದು "ನಿಕಾಹ್‌ನಲ್ಲಿ ಮದುಮಗನ ಮುಖ", "ಎರಡನೇ ಕ್ಯಾಮರಾದ ಮೂರನೇ ಕಾರ್ಡ್" ಅಲ್ಲವಲ್ಲ.

ಬಿನ್‌ನ ಮಿತಿ ಏನೆಂದರೆ ಒಂದು ಕ್ಲಿಪ್ ಒಂದೇ ಬಿನ್‌ನಲ್ಲಿ ಕೂರುತ್ತದೆ. ಅಜ್ಜಿ ಮದುಮಗಳ ತಲೆ ಸವರುವ ಕ್ಲಿಪ್ ಮದರಂಗಿಗೂ ಸೇರಿದ್ದು, ಅಜ್ಜಿಗೂ ಸೇರಿದ್ದು. ಇದಕ್ಕೆ ಕೀವರ್ಡ್ ಬೇಕು. 2011ರ ಜೂನ್‌ನಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್ ಈ ದಾರಿಯನ್ನು ಮುನ್ನೆಲೆಗೆ ತಂದಿತು. ಅದರಲ್ಲಿ ಇಡೀ ಕ್ಲಿಪ್‌ಗೆ ಮಾತ್ರವಲ್ಲ, ಕ್ಲಿಪ್‌ನ ಹತ್ತು ಸೆಕೆಂಡಿಗೂ ಕೀವರ್ಡ್ ಕೊಡಬಹುದು. ಎಫ್ ಒತ್ತಿದರೆ ಇಷ್ಟದ್ದು, ಡಿಲೀಟ್ ಒತ್ತಿದರೆ ಬೇಡದ್ದು ಎಂಬ ಗುರುತು ಬೀಳುತ್ತದೆ, ಫೈಲ್ ಅಳಿಯುವುದಿಲ್ಲ.

ಕೈಯಲ್ಲಿ ಹಣ ಇಲ್ಲದ ಹುಡುಗರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು. ಮೆಟಾಡೇಟಾ ಪಟ್ಟಿಯಲ್ಲಿ ಕೀವರ್ಡ್ ಬರೆದು 'ಸ್ಮಾರ್ಟ್ ಬಿನ್' ಮಾಡಿದರೆ, ಆ ಕೀವರ್ಡ್ ಇರುವ ಕ್ಲಿಪ್‌ಗಳೆಲ್ಲ ತಾವಾಗಿ ಬಂದು ಅದರಲ್ಲಿ ಸೇರುತ್ತವೆ. 'ಪವರ್ ಬಿನ್' ಎಂಬುದು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಕಾಣುವ ಬಿನ್, ಸ್ಟುಡಿಯೋದ ಲೋಗೋ, ಟೈಟಲ್, ಪದೇಪದೇ ಬಳಸುವ ಧ್ವನಿಗಳಿಗೆ ಹೇಳಿ ಮಾಡಿಸಿದ್ದು. ಮುಖ ಗುರುತಿಸಿ ಜನರ ಪ್ರಕಾರ ತಾನೇ ವಿಂಗಡಿಸುವ ಸೌಲಭ್ಯ ಮಾತ್ರ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿದೆ. ಪ್ರತ್ಯೇಕ ರೆಕಾರ್ಡರ್‌ನ ಧ್ವನಿಯನ್ನು ಅಲೆಗಳ ಆಕಾರ ನೋಡಿ ಕ್ಯಾಮರಾದ ಧ್ವನಿಗೆ ಹೊಂದಿಸುವುದು ಉಚಿತದಲ್ಲೂ ಆಗುತ್ತದೆ. ಕ್ಯಾಮರಾ ಶುರುವಾದ ಕೂಡಲೇ ಒಮ್ಮೆ ಚಪ್ಪಾಳೆ ಹೊಡೆದಿದ್ದರೆ ಕೈಯಿಂದ ಹೊಂದಿಸುವುದೂ ಸುಲಭ.

ಪ್ರೀಮಿಯರ್‌ನಲ್ಲಿ ಬಣ್ಣದ ಲೇಬಲ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ಕ್ಯಾಮರಾಕ್ಕೆ ಒಂದು ಬಣ್ಣ ಕೊಟ್ಟರೆ ಟೈಮ್‌ಲೈನ್ ನೋಡಿದಾಗಲೇ ಯಾವುದು ಯಾರು ತೆಗೆದದ್ದು ಎಂದು ತಿಳಿಯುತ್ತದೆ. ಬಣ್ಣಕ್ಕೆ ಅರ್ಥ ಇರಬೇಕು ಅಷ್ಟೇ. ಚಂದ ಕಾಣಲಿಕ್ಕೆ ಏಳು ಬಣ್ಣ ಹಾಕಿದರೆ ಮರುದಿನ ಹಾಕಿದವನಿಗೇ ಮರೆತಿರುತ್ತದೆ.

ಕ್ಲಿಪ್‌ನ ಹೆಸರು ಬದಲಿಸುವುದಿದ್ದರೆ ಸಾಫ್ಟ್‌ವೇರ್‌ನ ಒಳಗೇ ಬದಲಿಸಬೇಕು. ಅಲ್ಲಿ 'ಖಾಝಿ ಖುತುಬಾ' ಎಂದು ಬರೆದರೂ ಡಿಸ್ಕ್‌ನಲ್ಲಿರುವ ಫೈಲ್ ಸಿ0042 ಆಗಿಯೇ ಇರುತ್ತದೆ, ಕೊಂಡಿ ತಪ್ಪುವುದಿಲ್ಲ. ಇಂಪೋರ್ಟ್ ಆದ ಮೇಲೆ ಡಿಸ್ಕ್‌ನಲ್ಲಿ ಹೆಸರು ಬದಲಿಸಿದರೆ ಕೊಂಡಿ ಕಡಿಯಿತು.

ಎಲ್ಲ ವಿಂಗಡಣೆ ಆದ ನಂತರ ಅನುಭವಿಗಳು ಮಾಡುವ ಇನ್ನೊಂದು ಕೆಲಸ: ಪ್ರತಿ ಭಾಗಕ್ಕೂ 'ಆಯ್ದದ್ದು' ಎಂಬ ಒಂದು ಟೈಮ್‌ಲೈನ್. ಅದರಲ್ಲಿ ಒಳ್ಳೆಯ ತುಣುಕುಗಳನ್ನು ಮಾತ್ರ ಸಾಲಾಗಿ ಹಾಕುವುದು. ನಾಲ್ಕು ಗಂಟೆಯದ್ದು ನಲವತ್ತು ನಿಮಿಷ ಆಗುತ್ತದೆ. ಮೂಲ ಫೂಟೇಜನ್ನು ಒಮ್ಮೆ ಪೂರ್ತಿ ನೋಡಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ.

ಹಿರಿಯರ ಮಾತು ದಾಖಲಿಸುವಾಗ

ಮದುವೆ ವಿಡಿಯೋ ತಡವಾದರೆ ಬೇಜಾರು, ಅಷ್ಟೇ. ಹಿರಿಯರ ಸಂದರ್ಶನದ ಫೂಟೇಜ್ ಕಳೆದುಹೋದರೆ ಮತ್ತೆ ತೆಗೆಯಲಿಕ್ಕೆ ಅವರೇ ಇರುವುದಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿದಾಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಅಂಥವರನ್ನು ಮೊಬೈಲ್‌ನಲ್ಲಾದರೂ ಮಾತಾಡಿಸಿ ಇಡಬೇಕು ಎಂಬ ಆಸೆ ಇರುವ ಯುವಕರು ಇದ್ದಾರೆ. ಆಸೆಯಿಂದ ತೆಗೆದದ್ದು ಯಾವುದೋ ಹಳೆಯ ಮೊಬೈಲ್‌ನೊಂದಿಗೆ ಹೋಗಿಬಿಡುವುದೇ ಹೆಚ್ಚು.

ಇಲ್ಲಿ ಇನ್ನೊಂದು ತೊಡಕು ಉಂಟು. ಇಂಗ್ಲಿಷ್‌ನಲ್ಲಿ ಮಾಡಿದ ಸಂದರ್ಶನವನ್ನು ಇವತ್ತಿನ ಸಾಫ್ಟ್‌ವೇರ್ ತಾನೇ ಕೇಳಿ ಅಕ್ಷರಕ್ಕೆ ಇಳಿಸುತ್ತದೆ, ಒಂದು ಪದ ಹುಡುಕಿದರೆ ಆ ಜಾಗಕ್ಕೆ ಕರೆದೊಯ್ಯುತ್ತದೆ. ಬ್ಯಾರಿ ಭಾಷೆಗೆ ಈ ಸೌಲಭ್ಯ ಇಲ್ಲ. ಬ್ಯಾರಿ ಭಾಷೆಯ ಮೊದಲ ಚಲನಚಿತ್ರ 'ಬ್ಯಾರಿ' 59ನೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಹಂಚಿಕೊಂಡಿತಾದರೂ, ಯಂತ್ರದ ಕಿವಿಗೆ ಈ ಭಾಷೆ ಇನ್ನೂ ಬಿದ್ದಿಲ್ಲ. ಹಾಗಾಗಿ ಕೈಯಿಂದಲೇ ಬರೆಯಬೇಕು.

ವಿಧಾನ ಕಷ್ಟದ್ದೇನಲ್ಲ. ಸಂದರ್ಶನ ಮುಗಿದ ದಿನವೇ ಕೇಳುತ್ತಾ ನೋಟ್‌ಬುಕ್‌ನಲ್ಲಿ ಅಥವಾ ಎಕ್ಸೆಲ್‌ನಲ್ಲಿ ಮೂರು ಕಾಲಂ: ಸಮಯ, ಯಾರು, ಏನು ಹೇಳಿದರು. ಕನ್ನಡ ಲಿಪಿಯಲ್ಲಿಯೇ ಬರೆದರಾಯಿತು. 12 ನಿಮಿಷ 40 ಸೆಕೆಂಡ್‌ನಲ್ಲಿ ಹಾಯಿದೋಣಿಯ ವಿಷಯ, 18 ನಿಮಿಷದಲ್ಲಿ ಶಾಲೆಯ ನೆನಪು ಎಂದು ಬರೆದಿಟ್ಟರೆ ಐದು ವರ್ಷದ ನಂತರ ಬೇರೆಯವರು ನೋಡಿದರೂ ತಿಳಿಯುತ್ತದೆ. ಅದೇ ಜಾಗಗಳಿಗೆ ಸಾಫ್ಟ್‌ವೇರ್‌ನಲ್ಲಿ ಎಂ ಒತ್ತಿ ಮಾರ್ಕರ್ ಹಾಕಿ ಎರಡು ಪದ ಬರೆಯಬೇಕು. ಈಗ ಯಾರೂ ಆಡದ ಒಂದು ಹಳೆಯ ಪದ, ಒಂದು ಅಡುಗೆಯ ಹೆಸರು, ಮನೆತನದ ಹೆಸರು ಬಂದರೆ ಅದಕ್ಕೆ ಬೇರೆ ಬಣ್ಣದ ಮಾರ್ಕರ್. ಪ್ರಾಜೆಕ್ಟ್ ಮುಂದೊಂದು ದಿನ ತೆರೆಯದೇ ಇರಬಹುದು, ಕಾಗದದ ಪಟ್ಟಿ ಉಳಿಯುತ್ತದೆ. ಆ ಪಟ್ಟಿಯ ಒಂದು ಫೋಟೋ ಅಥವಾ ಟೆಕ್ಸ್ಟ್ ಫೈಲ್ ವಿಡಿಯೋ ಇರುವ ಫೋಲ್ಡರ್‌ನಲ್ಲೇ ಇರಲಿ.

ಕ್ಯಾಮರಾ ಶುರುವಾದ ಕೂಡಲೇ ಹೆಸರು, ಊರು, ತಾರೀಕನ್ನು ಬಾಯಿಬಿಟ್ಟು ಹೇಳುವುದು ಹಳೆಯ ರೇಡಿಯೋದವರ ಕ್ರಮ. ಫೈಲ್‌ನ ಹೆಸರು ಎಷ್ಟು ಸಲ ಬದಲಾದರೂ ಆ ಮಾತು ಫೈಲ್‌ನೊಳಗೇ ಇರುತ್ತದೆ.

ಹೆಂಗಸರ ಕಡೆಯ ಫೂಟೇಜ್

ಇದನ್ನು ಎಡಿಟಿಂಗ್ ಪಾಠಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕಡೆಯ ಚಿತ್ರೀಕರಣಕ್ಕೆ ಹೆಣ್ಣುಮಕ್ಕಳೇ ಕ್ಯಾಮರಾ ಹಿಡಿಯುತ್ತಾರೆ. ಆದರೆ ಕಾರ್ಡ್ ಬಂದು ಸೇರುವುದು ಅದೇ ಸ್ಟುಡಿಯೋದ ಅದೇ ಕಂಪ್ಯೂಟರ್‌ಗೆ, ಅದೇ ಫೋಲ್ಡರ್‌ಗೆ. ಹೈಲೈಟ್ಸ್ ಮಾಡುವ ಹುಡುಗ ಗೊತ್ತಿಲ್ಲದೆ ಅದರಿಂದ ಒಂದು ತುಣುಕು ಎತ್ತಿ ಹಾಕಿದರೆ, ಇನ್‌ಸ್ಟಾಗ್ರಾಂಗೆ ಹೋದ ಮೇಲೆ ವಾಪಸ್ ತರಲಿಕ್ಕಾಗುವುದಿಲ್ಲ. "ನಮ್ಮನ್ನು ಕೇಳದೆ ಹಾಕಿದ್ದು ಯಾಕೆ" ಎಂದು ಉಮ್ಮ ಕೇಳಿದರೆ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಆ ಫೂಟೇಜ್‌ಗೆ ಬೇರೆ ಡಿಸ್ಕ್, ಬೇರೆ ಪ್ರಾಜೆಕ್ಟ್ ಇರಬೇಕು. ಬೇರೆ ಬಿನ್ ಸಾಲದು, ಯಾಕೆಂದರೆ ಹುಡುಕುವಾಗ ಸಾಫ್ಟ್‌ವೇರ್ ಎಲ್ಲ ಬಿನ್‌ಗಳಿಂದಲೂ ತಂದು ತೋರಿಸುತ್ತದೆ. ಎಡಿಟ್ ಮಾಡುವುದು ಯಾರು, ವಿಡಿಯೋ ಕೊಟ್ಟ ಮೇಲೆ ಸ್ಟುಡಿಯೋದಲ್ಲಿ ಕಾಪಿ ಉಳಿಯುತ್ತದೆಯೇ ಎಂಬುದನ್ನು ಮನೆಯವರು ಮೊದಲೇ ಮಾತಾಡಿ ಒಂದು ಕಾಗದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಮನೆಯವರು ಎಂದರೆ ಗಂಡಸರು ಮಾತ್ರ ಅಲ್ಲ. ಚಿತ್ರದಲ್ಲಿ ಇರುವವರನ್ನೇ ಕೇಳಬೇಕು.

ಕೆಂಪು ಪರದೆ ಬಂದರೆ

ಒಂದು ಬೆಳಿಗ್ಗೆ ಪ್ರಾಜೆಕ್ಟ್ ತೆರೆದರೆ ಟೈಮ್‌ಲೈನ್ ಪೂರ್ತಿ ಕೆಂಪು, 'ಮೀಡಿಯಾ ಆಫ್‌ಲೈನ್' ಎಂಬ ಬರಹ. ಹೊಸಬರ ಎದೆ ಧಸಕ್ಕೆನ್ನುವುದು ಇಲ್ಲಿ. ಸಾಧಾರಣವಾಗಿ ಏನೂ ಹೋಗಿರುವುದಿಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೇ. ವಿಂಡೋಸ್ ನಿನ್ನೆ ಇ ಎಂದು ಕರೆದ ಎಕ್ಸ್‌ಟರ್ನಲ್ ಡಿಸ್ಕನ್ನು ಇವತ್ತು ಎಫ್ ಎಂದು ಕರೆದಿರಬಹುದು. 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಆ ಡಿಸ್ಕ್‌ಗೆ ಒಂದು ಅಕ್ಷರ ಖಾಯಂ ಮಾಡಿದರೆ ಈ ಕಾಟ ಕಡಿಮೆ. ಪ್ರೀಮಿಯರ್‌ನಲ್ಲಿ 'ಲಿಂಕ್ ಮೀಡಿಯಾ', ರಿಸಾಲ್ವ್‌ನಲ್ಲಿ 'ರೀಲಿಂಕ್' ಒತ್ತಿ ಸರಿಯಾದ ಫೋಲ್ಡರ್ ತೋರಿಸಿದರೆ ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಒಂದೇ ಹೆಸರಿನ ಎರಡು ಕ್ಲಿಪ್ ಇದ್ದಲ್ಲಿ ಮಾತ್ರ ಕಣ್ಣಿಟ್ಟು ನೋಡಬೇಕು. ಮೊದಲ ಕಾರ್ಡ್‌ನ ಸಿ0001ರ ಜಾಗಕ್ಕೆ ಎರಡನೆಯದ್ದರ ಸಿ0001 ಬಂದು ಕೂತರೆ ನಿಕಾಹ್‌ನ ಜಾಗದಲ್ಲಿ ಬಿರಿಯಾನಿ ಚೆಂಬು ಕಾಣುತ್ತದೆ.

ಕಾಪಿಗಳು

ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. '3-2-1' ಎಂಬ ಈ ನಿಯಮವನ್ನು ಜನಪ್ರಿಯ ಮಾಡಿದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ. ಬೇರೆ ಜಾಗ ಎಂಬ ಮಾತಿನ ಬೆಲೆ ಪಿಕ್ಸಾರ್‌ನವರಿಗೆ 1998ರಲ್ಲಿ ಗೊತ್ತಾಯಿತು. 'ಟಾಯ್ ಸ್ಟೋರಿ 2' ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಫೈಲ್‌ಗಳು ಹೋಗತೊಡಗಿದವು. ಬ್ಯಾಕಪ್ ನೋಡಿದರೆ ಅದು ಸರಿಯಾಗಿ ಕೆಲಸ ಮಾಡಿರಲಿಲ್ಲ. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರ್‌ನಲ್ಲಿ ಇದ್ದ ಪ್ರತಿಯಿಂದ ಚಿತ್ರ ಉಳಿಯಿತು. (ಆಮೇಲೆ ಕಥೆ ಸರಿಯಿಲ್ಲವೆಂದು ಬಹುಪಾಲನ್ನು ಮತ್ತೆ ಮಾಡಿದರು, ಅದು ಬೇರೆ ವಿಷಯ.)

ಊರಿನ ಲೆಕ್ಕದಲ್ಲಿ ಬೇರೆ ಜಾಗ ಎಂದರೆ ತಂಗಿಯ ಮನೆ ಆದರೂ ಸಾಕು. ಕರಾವಳಿಯಲ್ಲಿ ಸಿಡಿಲಿನ ಕಾಲದಲ್ಲಿ ಪ್ಲಗ್‌ಗೆ ಸಿಕ್ಕಿಸಿದ ಕಂಪ್ಯೂಟರೂ ಅದಕ್ಕೆ ಜೋಡಿಸಿದ ಡಿಸ್ಕೂ ಒಟ್ಟಿಗೇ ಸುಟ್ಟುಹೋಗುವ ಅಪಾಯ ಇದೆ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಳಚಿಡಬೇಕು. ಮಳೆಗಾಲದ ತೇವಕ್ಕೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಬೇಕು. ಎಡಿಟಿಂಗ್‌ಗೆ ಎಸ್‌ಎಸ್‌ಡಿ ವೇಗದ್ದು, ಸರಿ. ಆದರೆ ವರ್ಷಗಟ್ಟಲೆ ವಿದ್ಯುತ್ ಕಾಣದೆ ಇಟ್ಟರೆ ಅದರಲ್ಲಿನ ಡೇಟಾ ಮಾಸುವ ಸಾಧ್ಯತೆ ಇರುವುದರಿಂದ ಎತ್ತಿಡುವುದಕ್ಕೆ ಮಾಮೂಲಿ ಹಾರ್ಡ್ ಡಿಸ್ಕ್ ಮೇಲು. ಅದನ್ನೂ ವರ್ಷಕ್ಕೊಮ್ಮೆ ಹಾಕಿ ನೋಡಬೇಕು.

ರಿಸಾಲ್ವ್ ಬಳಸುವವರು ಒಂದು ವಿಷಯ ಮರೆಯುತ್ತಾರೆ. ಅದರ ಪ್ರಾಜೆಕ್ಟ್ ಮಾಮೂಲಿ ಫೈಲ್ ಆಗಿ ಫೂಟೇಜ್ ಫೋಲ್ಡರ್‌ನಲ್ಲಿ ಇರುವುದಿಲ್ಲ, ಸಾಫ್ಟ್‌ವೇರ್‌ನ ಸ್ವಂತ ಲೈಬ್ರರಿಯಲ್ಲಿರುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಅದೂ ಹೋಯಿತು. 'ಎಕ್ಸ್‌ಪೋರ್ಟ್ ಪ್ರಾಜೆಕ್ಟ್' ಮಾಡಿ ಡಿಆರ್‌ಪಿ ಫೈಲನ್ನು ಫೂಟೇಜ್‌ನ ಪಕ್ಕ ಇಡಬೇಕು. ಫೂಟೇಜ್ ಸಮೇತ ಬೇಕಿದ್ದರೆ 'ಪ್ರಾಜೆಕ್ಟ್ ಆರ್ಕೈವ್', ಪ್ರೀಮಿಯರ್‌ನಲ್ಲಾದರೆ 'ಪ್ರಾಜೆಕ್ಟ್ ಮ್ಯಾನೇಜರ್'. ಕೈನ್‌ಮಾಸ್ಟರ್, ವಿಎನ್ ಮುಂತಾದ ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡುವವರು ಫೋನ್ ಬದಲಿಸುವ ಮುಂಚೆ ಮೂಲ ಕ್ಲಿಪ್‌ಗಳನ್ನೂ ಪೂರ್ತಿಯಾದ ವಿಡಿಯೋವನ್ನೂ ಕಂಪ್ಯೂಟರ್‌ಗೆ ತೆಗೆದುಕೊಳ್ಳಲಿ. ಅರ್ಧಕ್ಕೆ ನಿಂತ ಪ್ರಾಜೆಕ್ಟ್ ಹಳೆಯ ಫೋನ್‌ನಲ್ಲೇ ಉಳಿದುಬಿಡಬಹುದು.